ಕೆಂಚಯ್ಯ ಐಗಳಿಗೆ ಗೊತ್ತಿಲ್ಲದ ಇರುವೆ ದಾರಿ

ಬೆಟ್ಟಗಳಿಗಿನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಹಕ್ಕಿಹೊಳೆ ಎಂಬ ರಾಜ್ಯವಿತ್ತು. ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವನು ಕೆಂಚಯ್ಯ ಐಗಳು. ಹಳ್ಳಿಯಿಂದ ಬಂದವನು, ಮೀಸೆ ಇನ್ನೂ ಬಲಿತಿರಲಿಲ್ಲ, ಜಂಬ ಬಲಿತಿತ್ತು. ತನಗೆ ಗೊತ್ತಿಲ್ಲದ್ದು ಮೂರು ಲೋಕದಲ್ಲೂ ಇಲ್ಲ ಎನ್ನುತ್ತಿದ್ದ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಪ್ರಶ್ನೆ ಹುಟ್ಟಿದ ಮಗು ಅಂಗಿಯ ಚುಂಗಿಗೆ ಗಂಟು ಹಾಕಬೇಕು. ತಾನೇ ನೋಡಿ, ಬಲ್ಲವರನ್ನು ಕೇಳಿ, ಮತ್ತೆ ನೋಡಿ ಖಾತ್ರಿಯಾದ ಮೇಲೆಯೇ ಬಿಚ್ಚಬೇಕು. ಕೆಂಚಯ್ಯನಿಗೆ ಅಷ್ಟು ತಾಳ್ಮೆ ಎಲ್ಲಿ? ಗಂಟು ಕಂಡ ಕೂಡಲೇ ಬಾಯಿಗೆ ಬಂದ ಉತ್ತರ ಹೇಳಿ ತಾನೇ ಬಿಚ್ಚಿಬಿಡುತ್ತಿದ್ದ. ಆರು ವರ್ಷದ ನಿಂಗಿ ಮಾತ್ರ ತನ್ನ ಗಂಟು ಮುಟ್ಟಲು ಬಿಡುತ್ತಿರಲಿಲ್ಲ. ದಡ್ಡಿ ಎಂದು ಅವಳೊಬ್ಬಳನ್ನೇ ಹಿಂದೆ ಕೂರಿಸಿದ್ದ.

ಒಂದು ದಿನ ಧೂಮಜಟಿ ಎಂಬ ಮಾಂತ್ರಿಕ ಮೂರು ಬಾಯಿಯ ಕಪ್ಪೆ ಏರಿ ಬಂದ. ಮಕ್ಕಳಿಗೆ ಮೂರು ಪ್ರಶ್ನೆ. ತಪ್ಪು ಹೇಳಿದವರ ದನಿ ಕಪ್ಪೆಯ ಹೊಟ್ಟೆಗೆ. ಒಂದಾದರೂ ಸರಿಯಾದರೆ ತಾನೇ ಸೋತಂತೆ ಎಂದ. ಕೆಂಚಯ್ಯ ತೊಡೆ ತಟ್ಟಿ ಒಪ್ಪಿದ.

ಮೀನು ಮಲಗುವಾಗ ಕಣ್ಣು ಮುಚ್ಚುತ್ತದೆಯೇ? ಮುಂದೆ ಕೂತಿದ್ದ ಮಕ್ಕಳ ಸಾಲು, ಐಗಳು ಕಲಿಸಿದಂತೆ, ಹೌದೆಂದಿತು. ಹೊಳೆಯ ಮೀನಿಗೆ ರೆಪ್ಪೆಯೇ ಇರಲಿಲ್ಲ. ಆ ಸಾಲು ಮೂಕವಾಯಿತು.

ಸಂಜೆಗೆ ಹುಣಸೆ ಎಲೆ ಏನು ಮಾಡುತ್ತದೆ? ನಡುವಿನ ಸಾಲು, ಐಗಳು ಕಲಿಸಿದಂತೆ, ಏನೂ ಇಲ್ಲವೆಂದಿತು. ಎಲೆ ಮಡಚಿಕೊಳ್ಳುತ್ತದೆ. ಮರ ಅಂಗಳದಲ್ಲೇ ಇತ್ತು. ಆ ಸಾಲೂ ಮೂಕವಾಯಿತು.

ಇರುವೆ ಬೆಲ್ಲಕ್ಕೆ ದಾರಿ ಹೇಗೆ ಹಿಡಿಯುತ್ತದೆ? ಉಳಿದವಳು ನಿಂಗಿ. ಕೆಂಚಯ್ಯ ಬೆವರುತ್ತಾ ಪಿಸುಗುಟ್ಟಿದ: "ಕಣ್ಣಿಂದ ನೋಡಿ ಹಿಡಿಯುತ್ತೆ ಅನ್ನೇ."

"ಸುಮ್ನಿರಿ ಐಗಳೇ, ನಾನಿನ್ನೂ ನೋಡಿಲ್ಲ."

ಬುತ್ತಿಯ ಬೆಲ್ಲ ನೆಲಕ್ಕಿಟ್ಟು ಕುಕ್ಕರಗಾಲಲ್ಲಿ ಕೂತಳು. ಬೆಲ್ಲಕ್ಕೆ ಹತ್ತಿದ ಇರುವೆ ಸಾಲಿಗೆ ಅಡ್ಡ ಒದ್ದೆ ಬೆರಳಾಡಿಸಿದಳು. ಇರುವೆಗಳು ಅಲ್ಲೇ ತಬ್ಬಿಬ್ಬಾದವು. ಅಂಗಳದಾಚೆ ಹಪ್ಪಳ ಒಣಗಿಸುತ್ತಿದ್ದ ಅಜ್ಜಿಯೊಬ್ಬಳನ್ನು ಕೇಳಿದಳು. ವಾಸನೆ ಕಣೆ ಅಂದಳು ಅಜ್ಜಿ. ಅಷ್ಟಕ್ಕೂ ನಂಬದೆ ಇನ್ನೆರಡು ಕಡೆ ಒರೆಸಿ ನೋಡಿದಳು. ಕಪ್ಪೆ ತೂಕಡಿಸಿತು.

"ಮುಂದೆ ಹೋದ ಇರುವೆ ನೆಲಕ್ಕೆ ವಾಸನೆ ಬಳಿದು ಹೋಗುತ್ತೆ. ಒರೆಸಿದ್ರೆ ಹಿಂದಿನವಕ್ಕೆ ದಾರಿ ತಪ್ಪುತ್ತೆ. ಮೂರು ಸಲ ನೋಡ್ದೆ."

ಕಪ್ಪೆ ಒಡೆಯಿತು. ಮಾಂತ್ರಿಕ ಹೊಗೆಯಾದ. ದನಿಗಳೆಲ್ಲ ಮರಳಿದವು, ರಾಜ ಊರಿಗೆಲ್ಲ ಹೋಳಿಗೆ ಹಾಕಿಸಿದ, ಹಕ್ಕಿಹೊಳೆ ಅಂದಿನಿಂದ ಸುಖವಾಗಿತ್ತು.

ಕೆಂಚಯ್ಯ ಮತ್ತೆ ಯಾರ ಗಂಟಿಗೂ ಕೈ ಹಾಕಲಿಲ್ಲ. ಬನ್ನಿ, ಹೋಗಿ ನೋಡೋಣ ಎಂದು ಈಗ ಮಕ್ಕಳನ್ನು ದಿನವೂ ಕರೆಯುತ್ತಿದ್ದ. ನಿಂಗಿ ಎದ್ದು ಓಡುತ್ತಿದ್ದಳು. ಮುಂದಿನ ಸಾಲಿನವರು ಕೂತಲ್ಲೇ ಅವನ ಬಾಯಿ ನೋಡುತ್ತಿದ್ದರು.

"ನೀವೇ ಹೇಳ್ಬಿಡಿ ಐಗಳೇ."

"ನನಗೆ ಗೊತ್ತಿಲ್ಲ ಕಂದಾ," ಎಂದ ಕೆಂಚಯ್ಯ.

ತಮಾಷೆ ಮಾಡುತ್ತಿದ್ದಾರೆಂದು ಮಕ್ಕಳು ನಕ್ಕರು.