ಛತ್ರಿ ಹಿಡಿದ ಕರುವಿನ ಕೆಳಗೊಂದು ಹೆಸರು

“ಆ ಹೆಸರು ಒರೆಸ್ರೀ.”

ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ಹಾಲಿನ ಟೆಂಪೋ ಹಿಂದೆ ಕೂತು ಬಣ್ಣ ಬಳಿಯುತ್ತಿದ್ದ ಕಿರಣ್ ತಲೆ ಎತ್ತಿದ. ಬ್ಯಾಗು ಹೊತ್ತ ಟೀಚರ್ ಒಬ್ಬಳು ನಿಂತಿದ್ದಳು. ಕಣ್ಣಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು.

ಟೆಂಪೋ ಮೇಲೆ ಛತ್ರಿ ಹಿಡಿದ ಕರು. ಕೆಳಗೆ, ‘ಚಿತ್ರ: ಕಿರಣ್’.

“ಈ ಕರು ಬರೆದಿದ್ದು ನಮ್ಮ ತಾತ, ಲಕ್ಕಪ್ಪ ಅಂತ. ಐವತ್ತು ವರ್ಷದ ಹಿಂದೆ, ಮಕ್ಕಳ ಪುಸ್ತಕಕ್ಕೆ.”

“ನಾನೂ ಅದೇ ಪುಸ್ತಕ ನೋಡ್ಕೊಂಡು ಬೆಳೆದೋನು ಕಣ್ರೀ. ಅದ್ರಲ್ಲಿ ಅವರ ಹೆಸರೇ ಇಲ್ವಲ್ಲ?”

ಟೀಚರ್ ಹೇಮಾಶ್ರೀಯ ಸಂಕಟವೂ ಅದೇ. ಆ ಕರು ಈಗ ಟೀ ಪುಡಿ ಪೊಟ್ಟಣದ ಮೇಲಿದೆ, ಅಂಗನವಾಡಿ ಗೋಡೆ ಮೇಲಿದೆ, ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹೇಳುತ್ತದೆ. ತಾತನ ಹೆಸರು ಮಾತ್ರ ಎಲ್ಲೂ ಇಲ್ಲ. ಎಂಟು ವರ್ಷದಿಂದ ಪ್ರಕಾಶಕರಿಗೆ ಪತ್ರ ಬರೆದು, ಸಿಕ್ಕಸಿಕ್ಕವರಿಗೆ ಹೇಳಿ ಹೇಳಿ ಅವಳ ಗಂಟಲು ಬತ್ತಿತ್ತು.

ಕಿರಣ್ ಬಟ್ಟೆ ತಗೊಂಡು ತನ್ನ ಹೆಸರು ಒರೆಸಿದ.

ಆಮೇಲೆ ಪ್ರತಿ ಶನಿವಾರ ಹಗರೆಯಲ್ಲಿ ಅವಳ ಶಾಲೆ ಬಿಡುವ ಹೊತ್ತಿಗೆ ಅಲ್ಲಿನ ಬಸ್ ಸ್ಟಾಪಿಗೆ ಬರತೊಡಗಿದ. ತಾತನ ಬಗ್ಗೆ ಕೇಳುತ್ತಿದ್ದ, ಅಷ್ಟೆ. ಹೇಳುತ್ತಾ ಹೇಳುತ್ತಾ ಅವಳಿಗೆ ಶನಿವಾರ ಬರುವುದೇ ತಡವೆನಿಸತೊಡಗಿತು... ಪಾಪ, ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಶಾಲೆ ಮುಂದೆ ಅದೇ ಹಾಲಿನ ಟೆಂಪೋ ನಿಂತಿತ್ತು. ಕರುವಿನ ಕೆಳಗೆ ‘ಚಿತ್ರ: ಲಕ್ಕಪ್ಪ’ ಅಂತಿತ್ತು. ಎದೆ ತುಂಬಿ ಬಂತು. ಆದರೆ ಅದರ ಕೆಳಗೇ ಮೊಬೈಲ್ ನಂಬರ್. ಕಿರಣ್ ನಂಬರ್!

‘ತಾತನ ಹೆಸರಲ್ಲಿ ಆರ್ಡರ್ ಹಿಡೀತಿದ್ದಾನಾ? ಇದಕ್ಕೇನಾ ಅಷ್ಟೆಲ್ಲ ಕೇಳಿದ್ದು...’

ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಹೆಡ್‌ಮಿಸ್ ಲಲಿತಮ್ಮನವರ ಫೋನ್ ಇಸಕೊಂಡು ಅದೇ ನಂಬರ್ ಒತ್ತಿದಳು. ಗೊತ್ತಾಗದಿರಲೆಂದು ದನಿ ತಗ್ಗಿಸಿ ಕೇಳಿದಳು.

“ಲಕ್ಕಪ್ಪನವರು ಇದ್ದಾರಾ?”

“ಇಲ್ಲ ಅಮ್ಮಾ, ಅವರು ತೀರಿಕೊಂಡು ಬಹಳ ವರ್ಷ ಆಯ್ತು. ಹಾರನಹಳ್ಳಿಯವರು. ಆ ಕರು ಬರೆದವರು ಅವರೇ, ಪುಸ್ತಕದಲ್ಲಿ ಹೆಸರು ಹಾಕ್ಲಿಲ್ಲ. ಅವರ ಮೊಮ್ಮಗಳು ಒಬ್ಬರೇ ಎಲ್ರಿಗೂ ಹೇಳಿ ಸೋತುಹೋಗಿದ್ದಾರೆ. ಅದಕ್ಕೇ ನನ್ನ ನಂಬರ್ ಹಾಕಿದೀನಿ. ಬೋರ್ಡ್ ಬರೆಯೋರ ಹೆಸರಿನ ಕೆಳಗೆ ನಂಬರ್ ಇದ್ರೆ ಜನ ಕೆಲಸಕ್ಕಂತ ಫೋನ್ ಮಾಡೇ ಮಾಡ್ತಾರೆ. ಆಗ ಅವರ ಕತೆ ಹೇಳ್ತೀನಿ.”

ಅವಳು ಗೇಟಿನ ಕಂಬಕ್ಕೆ ಒರಗಿ ನಿಂತಳು. ಕಣ್ಣೀರು ತಾನಾಗಿಯೇ ಇಳಿಯಿತು.

“ಕಿರಣ್...”



“ಹೇಮಾ ಅವರೇ? ಇದು ಯಾರ ಫೋನು?”

“ನಿಮ್ಮನ್ನ ಕಳ್ಳ ಅಂದ್ಕೊಂಡೆ ಕಣ್ರೀ.”

“ಮೊದಲ ದಿನವೂ ಹಂಗೇ ಅಂದ್ಕೊಂಡಿದ್ರಿ, ಬಿಡಿ.”

“ಎಲ್ರಿಗೂ ಹೇಳಿ ಹೇಳಿ ಬೇಜಾರಾಗಲ್ವಾ?”

“ನಿಮಗೆ ಸಾಕಾಗಿದೆ ಅಂತ ಗೊತ್ತು. ಇನ್ಮೇಲೆ ನಾನು ಹೇಳ್ತೀನಿ. ನೀವು ಪಕ್ಕದಲ್ಲಿ ಸುಮ್ನೆ ಕೂತಿದ್ರೆ ಸಾಕು.”

“ಎಷ್ಟು ದಿನ?”

“ನೀವು ಎದ್ದು ಹೋಗೋವರೆಗೂ.”

“ನಾನು ಏಳಲ್ಲ,” ಅಂದಳು ಹೇಮಾಶ್ರೀ.