ಕವಲಂದೆಯ ಒಡೆದ ಹಾಲು

ಮೇ 12, ಬೆಳಿಗ್ಗೆ 9.20. ಕವಲಂದೆ ಬಳಿಯ ಖಾಸಗಿ ಹಾಲು ಶೀತಲ ಕೇಂದ್ರದ ಮ್ಯಾನೇಜರ್ ಚಿಕ್ಕಬಸಪ್ಪ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಸಂಗ್ರಹಿಸಿದ ಎರಡು ಸಾವಿರ ಲೀಟರ್ ಹಾಲು ಒಡೆದಿತ್ತು. ಕೇಂದ್ರಕ್ಕೆ ಹಾಲು ಹಾಕುವ ಮಂಚಮ್ಮನ ಸ್ಯಾಂಪಲ್ ಬಾಟಲಿಯಲ್ಲಿ ಅಡುಗೆ ಸೋಡಾ ಸಿಕ್ಕಿತ್ತು. ಹುಳಿಯಾದದ್ದು ಗೊತ್ತಾಗದಂತೆ ಹಾಲಿಗೆ ಸೋಡಾ ಬೆರೆಸಿ ಹಾಕಿದ್ದಾಳೆ ಎಂಬುದು ಆರೋಪ. ಎಫ್‌ಐಆರ್ ದಾಖಲಾಯಿತು.

ಮಂಚಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡೇ ಉತ್ತರಿಸಿದಳು.

"ಸೋಡಾ ಯಾಕೆ ಹಾಕಿದೆ?" ಇನ್‌ಸ್ಪೆಕ್ಟರ್ ಶಿವರಂಜನಿ ಕೇಳಿದರು.

"ಆಕಿಲ್ಲ ಕಣವ್ವ. ಅದೇ ಕ್ಯಾನಿನ ಆಲ್ನ ಪಕ್ಕದ್ಮನೆ ಮುತ್ತಮ್ಮಂಗೂ ಕೊಟ್ಟಿವ್ನಿ. ಓಗಿ ಕೇಳಿ."

10.45. ಮುತ್ತಮ್ಮ ಪಾತ್ರೆಯ ಮುಚ್ಚಳ ತೆಗೆದಳು. ಮೊಸರು ಗಟ್ಟಿಯಾಗಿತ್ತು. ಸೋಡಾ ಬಿದ್ದ ಹಾಲು ಹೀಗೆ ಹೆಪ್ಪುಗಟ್ಟುವುದಿಲ್ಲ.

"ಪಂಚನಾಮೆ ಬರೀರಿ."

"ಮೊಸರಿಗಾ ಮೇಡಂ?" ಎಂದ ಕಾನ್‌ಸ್ಟೆಬಲ್ ನಟರಾಜ್.

"ಅದ್ನೂ ಒತ್ಕೊಂಡೋದ್ರೆ ಮಧ್ಯಾನ್ಕೆ ಏನ್ ಉಣ್ಲಿ?" ಎಂದಳು ಮುತ್ತಮ್ಮ. ಒಂದು ಲೋಟ ಬಿಟ್ಟು ಉಳಿದದ್ದಕ್ಕೆ ಸೀಲ್ ಹಾಕಿದರು.

12.30. ಕೇಂದ್ರದ ಹಾಲು ತಣಿಸುವ ಯಂತ್ರದಲ್ಲಿ ಉಕ್ಕಿನ ತಟ್ಟೆಗಳ ಒಂದು ಬದಿ ಹಾಲು, ಇನ್ನೊಂದು ಬದಿ ತಣ್ಣೀರು ಹರಿಯುತ್ತದೆ. ಆಪರೇಟರ್ ಮದನ್ ಪುಸ್ತಕದಲ್ಲಿ ಹಾಲು ನಾಲ್ಕು ಡಿಗ್ರಿಗೆ ತಣಿದಿತ್ತೆಂದು ಬರೆದಿದ್ದ. ಟಿ. ನರಸೀಪುರದಿಂದ ಕರೆಸಿದ ಮೆಕ್ಯಾನಿಕ್ ನಂಜೇಶ್ ಹಾಲಿನ ಬದಲು ಬೆಚ್ಚಗಿನ ನೀರು ಹಾಯಿಸಿದ. ಅದು ಹೊರಬಂದದ್ದು ಹದಿನೈದು ಡಿಗ್ರಿಯಲ್ಲಿ. ತಣ್ಣೀರಿನ ವಾಲ್ವ್ ಕಾಲುಭಾಗ ಮಾತ್ರ ತೆರೆದಿತ್ತು. ಪೂರ್ತಿ ತೆರೆದಾಗ ಐದಕ್ಕೆ ಇಳಿಯಿತು.

"ವಾಲ್ವ್ ತಿರುಗಿಸಿದ್ದು ಯಾರು?"

"ನಾನೇ," ಎಂದ ಮದನ್. "ತಣ್ಣೀರು ನಿಧಾನಕ್ಕೆ ಹೋದ್ರೆ ಚೆನ್ನಾಗಿ ಬಿಸಿ ಹೀರ್ತದೆ ಅಂತ... ಈಚೆ ಬರೋ ನೀರು ಬೆಚ್ಚಗಿತ್ತು ಮೇಡಂ."

"ನೀರೇನೋ ಬೆಚ್ಚಗಾಯ್ತದೆ ಕಣಪ್ಪ," ಎಂದ ನಂಜೇಶ್. "ಬರೋದೇ ಒಂದಿಷ್ಟು ನೀರು. ಅದು ಅಷ್ಟು ಆಲಿನ ಬಿಸಿ ಎಂಗೆ ಒತ್ಕೊಂಡೋದದು?"

"ಸ್ಯಾಂಪಲ್ ಫ್ರಿಜ್ಜಿನ ಬೀಗದಕೈ?"

"ನನ್ ಹತ್ರಾನೇ."

ಅವನ ಮೇಜಿನ ಕೆಳಗೆ ಒಡೆದ ಸೋಡಾ ಪೊಟ್ಟಣ ಸಿಕ್ಕಿತು. 1.40ಕ್ಕೆ ಬಂಧನ.

ಊರಲ್ಲಿ ಮದನ್‌ನನ್ನು ಎಲ್ಲರೂ ಇಂಜಿನಿಯರ್ ಎನ್ನುತ್ತಿದ್ದರು. ಹಿಂದಿನ ಸಂಜೆಯಷ್ಟೇ ಗೋಡೆಯ ಮೇಲೆ ಚಾಕ್‌ನಲ್ಲಿ ಬರೆದು, ವಾಲ್ವ್ ತಿರುಗಿಸಿದ್ದು ಯಾಕೆಂದು ಕೆಲಸದವರಿಗೆ ಪಾಠ ಮಾಡಿದ್ದ. ಹಾಲು ಒಡೆದಾಗ ತನ್ನ ತಪ್ಪು ಅವನಿಗೆ ತಿಳಿಯಿತು. ಮಂಚಮ್ಮನ ಮೇಲೆ ದ್ವೇಷವಿರಲಿಲ್ಲ. ಫ್ರಿಜ್ಜಿನಲ್ಲಿ ಮೊದಲು ಕೈಗೆ ಸಿಕ್ಕಿದ್ದು ಆಕೆಯ ಬಾಟಲಿ.

ಠಾಣೆಯಲ್ಲಿ ನಟರಾಜ್ ಮದನ್‌ನ ಹೇಳಿಕೆಯನ್ನು ಅವನಿಗೇ ಓದಿ ಹೇಳಿದ. ಸೋಡಾ ಬೆರೆಸಿದ ಭಾಗ ಬಂದಾಗ ಮದನ್ ಅಲುಗಾಡಲಿಲ್ಲ. ವಾಲ್ವಿನ ಮಾತು ಬಂದಾಗ ಬಾಗಿಲ ಕಡೆ ನೋಡಿದ.

"ಸಾ, ಅದೊಂದ್ನ ಮೆಲ್ಲಗೆ ಓದಿ. ಆಚೆ ನಮ್ಮೂರೋರು ಅವ್ರೆ."