ನಾಲ್ಕು ಬೆರಳು ಬೆಳಕು

ಹೆಂಗಸು ಸೀರೆಯ ಸೆರಗಿನಿಂದ ಟೀವಿಯ ಗಾಜು ಒರೆಸುತ್ತಿದ್ದಳು. ಯಾರನ್ನೂ ಕೇಳಿರಲಿಲ್ಲ, ಯಾರೊಂದಿಗೂ ಮಾತಾಡಿರಲಿಲ್ಲ. ಉಮರಗಾದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಇಳಿಸಿಟ್ಟಿದ್ದ ಹಳೆಯ ಕಲರ್ ಸೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮಗುವಿನ ಮುಖ ಒರೆಸುವ ಹಾಗೆ ಒರೆಸುತ್ತಿದ್ದಳು. ಗಾಜಿನ ಕೆಳಮೂಲೆಯಲ್ಲಿ ಹಣೆಗಿಡುವ ಒಂದು ಕೆಂಪು ಟಿಕಳಿ ಅಂಟಿತ್ತು. ಅದರ ಹತ್ತಿರ ಬಂದಾಗ ಕೈ ನಿಂತಿತು. ಸುತ್ತಲೂ ಒರೆಸಿದಳು. ಅದನ್ನು ಮಾತ್ರ ಮುಟ್ಟಲಿಲ್ಲ.

ಒಳಗೆ ಭೀಮಾಶಂಕರ ಸುಟ್ಟ ರೆಸಿಸ್ಟರೊಂದನ್ನು ಕಿತ್ತು ತಲೆ ಎತ್ತಿದ. ಬಸವಕಲ್ಯಾಣದಿಂದ ಗಡಿ ದಾಟಿ ಬಂದು ಈ ಅಂಗಡಿ ತೆರೆದು ಮೂರು ತಿಂಗಳಾಗಿತ್ತು. ಸತ್ತ ಟೀವಿಗೆ ಜೀವ ಕೊಡಲಾಗುವುದು ಎಂದು ಮರಾಠಿಯಲ್ಲಿ ದೊಡ್ಡ ಬೋರ್ಡು ಬರೆಸಿದ್ದ.

"ಏನ್ ಬೇಕಾಗಿತ್ತು ಆಯಿ?"

"ಇದು ಎಲ್ಲಿಂದ ಬಂತು ತಮ್ಮಾ?"

"ಯೆಣೆಗೂರ ಢಾಬಾದಿಂದ. ಢಾಬಾ ಮಾಲಕ ನೀಲಕಂಠನ ಹೆಂಡ್ತಿ ಮಾರಿದ್ಳು, ನಾ ತಗೊಂಡೆ. ಯಾಕ?"

"ಇದನ್ನ ಹಚ್ಚಬ್ಯಾಡ."

ಅವನು ನಕ್ಕ. ಹೆಂಗಸು ನಗಲಿಲ್ಲ. ವಯಸ್ಸು ನಲವತ್ತೈದು ದಾಟಿರಲಿಕ್ಕಿಲ್ಲ, ಕೂದಲು ಪೂರಾ ಬೆಳ್ಳಗಾಗಿತ್ತು. ಹೆಸರು ಅಂಬುಬಾಯಿ. ತೇರಣಾ ನದಿಯ ದಂಡೆಯ ಹಳ್ಳಿಯವಳು. ಐದು ವರ್ಷದ ಹಿಂದೆ ಗಣಪತಿ ಕಳಿಸಿದ ರಾತ್ರಿ ಭೂಮಿ ನಡುಗಿದಾಗ ಅವಳು ನಿಲಂಗಾದಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಬೆಳಗಾಗುವುದರೊಳಗೆ ಅವಳ ಊರು ಕಲ್ಲುಮಣ್ಣಿನ ಗುಡ್ಡೆಯಾಗಿತ್ತು. ಹನ್ನೊಂದು ವರ್ಷದ ಮಗಳು ಶಾಂಭವಿ ಆ ಗುಡ್ಡೆಯ ಕೆಳಗಿದ್ದಳು. ಜೀವಂತ ಇದ್ದಳು.

"ಬಾಜೂ ಮನಿ ಮಾಣಿಕಬಾಯಿ ಕಾಲ ಮುರದು ಅಲ್ಲೇ ಬಿದ್ದಿದ್ಳು. ಎಲ್ಲಾ ಕಣ್ಣಿಲೆ ನೋಡ್ಯಾಳ," ಅಂಬುಬಾಯಿಯ ದನಿ ಏರಲಿಲ್ಲ, ಇಳಿಯಲಿಲ್ಲ. "ನಾಕು ಬೆರಳು ಸಂದಿ ಇತ್ತಂತ. ಅದರಾಗಿಂದ ನನ್ನ ಕೂಸು ನೀರ ಕುಡಿಯೋ ವಾಟಿ ತಗೊಂಡು ಕಲ್ಲಿಗೆ ಬಡೀತಿತ್ತಂತ. ಟಕ್ ಟಕ್ ಟಕ್. ನೀರ ಕೊಡ್ರಿ ಅಂತಿತ್ತಂತ. ಇಬ್ರು ಬಂದ್ರಂತ. ನಿಂತ್ರಂತ. ಕೇಳಿದ್ರಂತ. ಮ್ಯಾಲೆ ಇದ್ದ ಈ ಪೆಟ್ಟಿಗಿ ಎತ್ಗೊಂಡು ಹ್ವಾದ್ರಂತ."

ಇಬ್ಬರಲ್ಲಿ ಒಬ್ಬ ನೀಲಕಂಠ. ಅದು ಗೊತ್ತಾಗಲು ಅವಳಿಗೆ ಒಂದು ವರ್ಷ ಹಿಡಿಯಿತು. ಗೊತ್ತಾದ ಮೇಲೆ ಉದಗೀರಕ್ಕೆ ಹೋದಳು. ಕಿಲ್ಲಾದ ಹಿಂದೆ ಇದ್ದ ಒಬ್ಬ ಮಾಟಗಾರನಿಂದ ಒಂದು ಗಂಟು ಕಟ್ಟಿಸಿದಳು. ಮಗಳ ಕೂದಲು, ಒಡೆದ ಬಳೆ, ಬಿದ್ದ ಮನೆಯ ಮಣ್ಣು. ಢಾಬಾದಲ್ಲಿ ಗಿರಾಕಿಯ ಹಾಗೆ ಕೂತು ರೊಟ್ಟಿ ತಿಂದು, ಟೀವಿಯ ಬೆನ್ನಿನ ಗಾಳಿಕಿಂಡಿಯಿಂದ ಅದನ್ನು ಒಳಗೆ ನೂಕಿ ಬಂದಳು.

"ನೀಲಕಂಠ ಈಗ ಹಾಸಗಿ ಹಿಡದಾನ. ನೀರು ನೀರು ಅಂತಾನ. ಕೊಟ್ರ ಗಂಟಲದಾಗ ಇಳಿಯಂಗಿಲ್ಲ. ಬೆರಳಿಲೆ ಮಂಚದ ಪಟ್ಟಿ ಬಡಕೋತ ಬಿದ್ದಾನ. ನನ್ನ ಸಿಟ್ಟು ಅಂವನ ಮ್ಯಾಲಿತ್ತು, ಮುಗೀತು. ಆದ್ರ ಕದ್ದವ ಯಾರು, ರಿಪೇರಿ ಮಾಡಾಂವ ಯಾರು ಅಂತ ಮಾಟಕ್ಕ ತಿಳಿಯಂಗಿಲ್ಲ ತಮ್ಮಾ. ಹಚ್ಚಿದವ್ರು ಬಡಕೋತ ಬೀಳ್ತಾರ, ಯಾರೂ ಬರಂಗಿಲ್ಲ. ಪೆಟ್ಟಿಗಿ ನನಗ ಕೊಡು. ಮಡುವಿನಾಗ ಬಿಡ್ತೀನಿ."

"ಹನ್ನೆರಡು ವರ್ಷ ಇದೇ ಕೆಲಸ ಮಾಡೇನಿ ಆಯಿ," ಭೀಮಾಶಂಕರ ಸೆಟ್ಟನ್ನು ಎತ್ತಿಕೊಂಡ. "ಫ್ಯೂಜ್ ಹಾರ್ತದ. ಡಯೋಡ್ ಸುಡ್ತದ. ಕಂಡೆನ್ಸರ್ ಉಬ್ಬತದ. ಒಳಗ ಹುಡುಗಿ ಹೊಕ್ಕೊಂಡಿದ್ದು ನಾ ಇನ್ನೂ ನೋಡಿಲ್ಲ."

ಅಂಬುಬಾಯಿ ಅವನ ಕೈಯನ್ನೇ ನೋಡಿದಳು. ಮತ್ತೆ ಕೇಳಿದಳು, "ಕೊಡು ತಮ್ಮಾ."

ಅವನು ಸೆಟ್ಟನ್ನು ಒಳಗೊಯ್ದು ಮೇಜಿನ ಮೇಲಿಟ್ಟ.

ಹಿಂಬದಿಯ ಮುಚ್ಚಳ ಬಿಚ್ಚಿದಾಗ ಒಳಗಿನಿಂದ ವಾಸನೆ ಎದ್ದಿತು. ಸುಟ್ಟ ವಾರ್ನಿಶಿನದಲ್ಲ, ಧೂಳಿನದಲ್ಲ. ಹಸಿ ಮಣ್ಣು, ಅದರ ಮೇಲೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಪವರ್ ಸಪ್ಲೈ ಬೋರ್ಡಿನ ಪಕ್ಕದಲ್ಲಿ ಕಪ್ಪು ಬಟ್ಟೆಯ ಗಂಟು ಸಿಕ್ಕಿಕೊಂಡಿತ್ತು. ಬಟ್ಟೆ ಹರಿದು ಉದ್ದನೆಯ ಕೂದಲು ಹೊರಬಂದು ಟ್ರಾನ್ಸ್‌ಫಾರ್ಮರಿನ ಕಾಲುಗಳಿಗೆ ಸುತ್ತಿತ್ತು. ಅವನು ಚಿಮಟದಿಂದ ಜಗ್ಗಿದ. ಕೂದಲು ಮುಗಿಯಲಿಲ್ಲ. ಜಗ್ಗಿದಷ್ಟೂ ಬಂತು. ಕೊನೆಗೆ ಕತ್ತರಿಯಿಂದ ಕತ್ತರಿಸಿ, ಗಂಟನ್ನು ಗಟಾರಕ್ಕೆ ಎಸೆದ.

ಫ್ಯೂಜು ಕಪ್ಪಾಗಿತ್ತು, ಬದಲಿಸಿದ. ಪ್ಲಗ್ಗು ಹಾಕಿದ. ಸೆಟ್ಟು ಏಳಲು ನೋಡಿತು, ಏಳಲಾರದೆ ಬಿತ್ತು. ಬೀಳುವಾಗ ಒಂದು ಸದ್ದು. ಟಕ್. ಮತ್ತೆ ಏಳಲು ನೋಡಿತು. ಟಕ್. ಇನ್ನೊಮ್ಮೆ. ಟಕ್. ಆಮೇಲೆ ಸ್ವಲ್ಪ ಸುಮ್ಮನಾಗಿ ಮೊದಲಿನಿಂದ. ಪವರ್ ಸಪ್ಲೈಗೆ ಭಾರ ತಾಳದಿದ್ದರೆ ಇಂಥ ಸದ್ದು ಬರುತ್ತದೆ, ಎಷ್ಟೋ ಸೆಟ್ಟಿನಲ್ಲಿ ಕೇಳಿದ್ದ. ಮೂರಕ್ಕೆ ನಿಂತು ಉಸಿರು ತೆಗೆದುಕೊಳ್ಳುವುದನ್ನು ಕೇಳಿರಲಿಲ್ಲ.

ತಗಡಿನ ಗೋಡೆಯಾಚೆ ಮನ್ಮಥಪ್ಪನ ಹಿಟ್ಟಿನ ಗಿರಣಿ. ಡಬ್ಬಿ ಹಿಡಿದು ಪಾಳಿಗೆ ಕೂತ ಹೆಂಗಸರು ಯಾವಾಗಲೂ ಆರೇಳು ಜನ. ಗಿರಣಿ ನಿಂತಿದ್ದಾಗ ಆ ಸದ್ದು ಅವರಿಗೆ ಕೇಳಿಸಿತು. ಮುಂದಿನ ಗಳಿಗೆ ಡಬ್ಬಿಗಳು ನೆಲಕ್ಕೆ ಬಿದ್ದವು, ಜೋಳದ ಹಿಟ್ಟು ಚೆಲ್ಲಿತು, ಎಲ್ಲರೂ ಅವನ ಅಂಗಡಿಯ ಬಾಗಿಲಲ್ಲಿದ್ದರು. ಭೂಕಂಪ ಕಂಡ ಆ ಸೀಮೆಯ ರೂಢಿ ಅದು. ಎಲ್ಲಿಂದಲಾದರೂ ಬಡಿತ ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ಯಾರು, ಏನು ಎಂದು ನಿಂತು ಕೇಳುವಂತಿಲ್ಲ.

"ಏನಾತೋ ಮಿಸ್ತ್ರಿ? ಯಾರ ಬಿದ್ದಾರ?" ಮುಂದೆ ಬಂದ ದ್ರೌಪದಿಗೆ ಏದುಸಿರು.

ಭೀಮಾಶಂಕರನಿಗೆ ಅದು ಬಹಳ ಮಜಾ ಅನಿಸಿತು.

ಮರುದಿನದಿಂದ ಅವನೇ ಶುರುಮಾಡಿದ. ಗಿರಣಿ ನಿಂತಾಗ ಸ್ಕ್ರೂಡ್ರೈವರಿನಿಂದ ತಗಡು ಬಡಿದು, ಮೂಗು ಹಿಡಿದು, ಸಣ್ಣ ದನಿ ಮಾಡಿ, "ನೀರ್ರೀ, ನೀರ ಕೊಡ್ರಿ!" ಮೊದಲ ಸಲ ಎಲ್ಲರೂ ಎದ್ದರು. ಎರಡನೆಯ ಸಲ ಮೂವರು. "ನಿನ್ನ ಬಾಯಿಗೆ ಮಣ್ ಹಾಕಾ!" ಎಂದು ದ್ರೌಪದಿ ಬೈದಳು. ಮನ್ಮಥಪ್ಪ ಬಂದು ಕೈ ಮುಗಿದ. "ಚ್ಯಾಷ್ಟಿ ಬ್ಯಾರೆದ್ದು ಮಾಡು ಮಿಸ್ತ್ರಿ. ಇದು ಬ್ಯಾಡ. ಇವ್ರೊಳಗ ಮಂದೀನ್ನ ಕಳ್ಕೊಳ್ಳದವ್ರು ಒಬ್ರೂ ಇಲ್ಲ."

"ನಗಲಿಕ್ಕೂ ಪರ್ಮಿಶನ್ ಬೇಕೇನ್ರಿ ಕಾಕಾ?"

ಅಂಬುಬಾಯಿ ದಿನಾ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು. ಕಟ್ಟೆಯ ಮೇಲೆ ಕೂತು, ಪೆಟ್ಟಿಗೆ ಕೊಡು ತಮ್ಮಾ ಎಂದು ಒಂದೇ ಸಲ ಕೇಳಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಮೂರನೆಯ ದಿನ ಅವಳು ಗಿರಣಿಯ ನೆರಳಿಗೆ ನಿಂತಿದ್ದನ್ನು ನೋಡಿ, ನೋಡಿಯೇ, ಅವನು ತಗಡು ಬಡಿದ. ಟಕ್ ಟಕ್ ಟಕ್. "ಅವ್ವಾ, ನೀರು."

ಅಂಬುಬಾಯಿಗೆ ಎಲ್ಲಿದ್ದೇನೆಂಬುದು ಮರೆಯಿತು. "ಶಾಂಭವೀ!" ಎಂದು ಕೂಗಿ ತಗಡಿನ ಮೇಲೆ ಬಿದ್ದಳು. ಉಗುರಿನಿಂದ ಕೆರೆದಳು. ತಗಡಿನ ಅಂಚಿಗೆ ಬೆರಳು ಸಿಕ್ಕಿಸಿ ಜಗ್ಗಿದಳು. "ಬಂದೆ ಅವ್ವಾ, ಬಂದೆ, ಬಂದೆ." ಬೆರಳಿನಿಂದ ರಕ್ತ ಇಳಿಯಿತು. ಹೆಂಗಸರು ಅವಳನ್ನು ಹಿಡಿದೆಳೆಯುವ ಹೊತ್ತಿಗೆ ಭೀಮಾಶಂಕರ ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಗೆ ಬಂದ.

ಅಂಬುಬಾಯಿ ರಕ್ತದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅವನ ಬಾಯಿಯನ್ನು ನೋಡಿದಳು, ನಗು ಮುಗಿಯುವ ತನಕ ನೋಡಿದಳು. ಹೊಸದಾಗಿ ಶಾಪ ಹಾಕಲಿಲ್ಲ.

ನಾಲ್ಕನೆಯ ದಿನ ಅವನಿಗೆ ಸೆಟ್ಟಿನ ಮೇಲೆ ಸಿಟ್ಟು ಬಂದಿತ್ತು. ನಾಲ್ಕೂ ಡಯೋಡು ಬದಲಿಸಿದ್ದ. ದೊಡ್ಡ ಕಂಡೆನ್ಸರು ಹೊಸದು. ನೂರು ವ್ಯಾಟಿನ ಬಲ್ಬೊಂದರ ಮೂಲಕ ಕರೆಂಟು ಬಿಟ್ಟು ನೋಡಿದ್ದ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರಾ ಉರಿಯುತ್ತದೆ, ಸರಿಯಿದ್ದರೆ ಒಮ್ಮೆ ಬೆಳಗಿ ಮಂದವಾಗುತ್ತದೆ. ಮಂದವಾಯಿತು. ಎಲ್ಲವೂ ಸರಿಯಿತ್ತು. ಆದರೂ ಟಕ್ ಟಕ್ ಟಕ್. ಎಲ್ಲೋ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತಿರಬೇಕು. ಕಿಡಿ ಹುಡುಕಲು ಕತ್ತಲೆ ಬೇಕು.

ಮಧ್ಯಾಹ್ನ ಅವನು ಶಟರ್ ಎಳೆದ. ಬಾಗಿದ ಶಟರು ಪೂರಾ ಇಳಿಯಲಿಲ್ಲ. ಕೆಳಗೆ ನಾಲ್ಕು ಬೆರಳಿನಷ್ಟು ಬೆಳಕು ಉಳಿಯಿತು. ಅಷ್ಟಿದ್ದರೆ ನಡೆಯುತ್ತದೆ ಅಂದುಕೊಂಡ. ಪಕ್ಕದಲ್ಲಿ ಗಿರಣಿ ಗುಡುಗುತ್ತಿತ್ತು. ತಗಡು ನಡುಗುತ್ತಿತ್ತು. ಬೆನ್ನ ಹಿಂದಿನ ಕಬ್ಬಿಣದ ರ‍್ಯಾಕಿನ ಮೇಲೆ ರಿಪೇರಿಗೆ ಬಂದ ಹನ್ನೊಂದು ಸೆಟ್ಟುಗಳೂ ಸಣ್ಣಗೆ ನಡುಗುತ್ತಿದ್ದವು.

ಪ್ಲಗ್ಗು ಹಾಕಿದ. ಕಿಡಿ ಕಾಣಲಿಲ್ಲ.

ಗಾಜು ಬೆಳಗಿತು.

ಬಂತು, ಎಂದು ಕೈ ತಟ್ಟಿದ. ಆಮೇಲೆ ಚಿತ್ರ ನೋಡಿದ. ಬಣ್ಣವಿರಲಿಲ್ಲ. ಗಾಜಿನ ತುಂಬ ಕಪ್ಪು, ಮೇಲ್ಗಡೆ ಅಡ್ಡಕ್ಕೆ ಒಂದು ಬಿಳಿ ಪಟ್ಟಿ. ನಾಲ್ಕು ಬೆರಳಿನಷ್ಟು. ಪಟ್ಟಿಯಲ್ಲಿ ಕಾಲುಗಳು. ನಾಲ್ಕು ಕಾಲು, ಧೂಳು ಮೆತ್ತಿದ ಚಪ್ಪಲಿ. ನಿಂತಿದ್ದವು. ಕೇಳುತ್ತಿದ್ದವು. ಟಕ್ ಟಕ್ ಟಕ್. ಕಾಲುಗಳು ತಿರುಗಿದವು. ಹೋದವು. ಮತ್ತೆ ಬಂದವು. ನಿಂತವು. ತಿರುಗಿದವು. ಹೋದವು.

ಪ್ಲಗ್ಗು ಕಿತ್ತ.

ಗಾಜು ಆರಲಿಲ್ಲ.

ಅಂಗಡಿಯ ತುಂಬ ಹಸಿ ಮಣ್ಣಿನ ವಾಸನೆ. ಬಾಯಲ್ಲಿ ಸುಣ್ಣದ ಪುಡಿಯ ರುಚಿ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯೊಂದು ಹೆಗಲಿನ ಹತ್ತಿರವೇ ಇದ್ದ ಹಾಗೆ. ಅವನು ತಿರುಗಿ ನೋಡಲಿಲ್ಲ. "ಕಂಡೆನ್ಸರ್‌ದಾಗ ಕರೆಂಟ್ ಉಳದದ, ಅಷ್ಟೇ," ಎಂದು ಗಟ್ಟಿಯಾಗಿ ಹೇಳಿಕೊಂಡ. ಬಲ್ಬಿನ ತಂತಿಗಳನ್ನು ಕಂಡೆನ್ಸರಿನ ಕಾಲಿಗೆ ಹಿಡಿದ. ಬಲ್ಬು ಒಮ್ಮೆ ಬೆಳಗಿ ಆರಿತು. ಮೀಟರು ಹಚ್ಚಿದ. ಸೊನ್ನೆ. ಎರಡು ಸಲ ನೋಡಿದ. ಸೊನ್ನೆ.

ಟಕ್ ಟಕ್ ಟಕ್.

"ನಿನ್ನೌನ್!" ಎಂದು ಎಡಗೈ ಹಾಕಿ ಬೋರ್ಡನ್ನೇ ಹಿಡಿದು ಜಗ್ಗಿದ.

ಒಳಗಿನಿಂದ ಕೂದಲು ಬಂದು ಬೆರಳಿಗೆ ಸುತ್ತಿತು. ಸುತ್ತಿ ಬಿಗಿಯಿತು. ಆಮೇಲೆ ಹೊಡೆತ. ತೋಳಿನಲ್ಲಿ, ಎದೆಯಲ್ಲಿ, ಹಲ್ಲಿನಲ್ಲಿ. ಅವನು ಹಿಂದಕ್ಕೆ ಹಾರಿ ರ‍್ಯಾಕಿಗೆ ಬಡಿದ. ರ‍್ಯಾಕು ವಾಲಿತು. ಹನ್ನೊಂದು ಸೆಟ್ಟುಗಳು ಒಂದರ ಹಿಂದೆ ಒಂದು ಇಳಿದವು. ಕಬ್ಬಿಣ ಎದೆಯ ಮೇಲೆ ಕೂತಿತು. ಗಿರಣಿಯ ಗುಡುಗಿನಲ್ಲಿ ಆ ಸದ್ದು ಆಚೆ ಯಾರಿಗೂ ಕೇಳಿಸಲಿಲ್ಲ.

ಕರೆಂಟು ಹೋಯಿತು. ಗಿರಣಿ ನಿಂತಿತು.

ತನ್ನ ಕಾಲುಗಳು ಇದ್ದಾವೋ ಇಲ್ಲವೋ ತಿಳಿಯಲಿಲ್ಲ. ಕೆನ್ನೆ ನೆಲಕ್ಕೆ ಒತ್ತಿತ್ತು. ಕಣ್ಣಿನ ಮುಂದೆ ಶಟರಿನ ಸಂದಿ, ನಾಲ್ಕು ಬೆರಳು ಬೆಳಕು. ಬಲಗೈ ಮಾತ್ರ ಆಡುತ್ತಿತ್ತು. ಸ್ಕ್ರೂಡ್ರೈವರು ಬೆರಳಿಗೆ ಸಿಕ್ಕಿತು. ತಗಡು ಕೈಗೆಟಕುವಷ್ಟೇ ದೂರ.

ಬಡಿದ. ಮೂರಕ್ಕಿಂತ ಹೆಚ್ಚು ಬಡಿಯಲು ಉಸಿರು ಸಾಲಲಿಲ್ಲ. ನಿಂತು ಉಸಿರೆಳೆದ. ಮತ್ತೆ ಮೂರು.

ಆಚೆ ಡಬ್ಬಿಗಳು ಅಲುಗಿದವು. ಒಂದು ಗಳಿಗೆ ಯಾರೋ ಎದ್ದ ಸದ್ದು. ಆಮೇಲೆ ದ್ರೌಪದಿಯ ದನಿ. "ಹಲ್ಕಟ್! ಮತ್ತ ಶುರು ಮಾಡ್ಯಾನ ನೋಡ್ರಿ."

ಕೂಗಿದ. ಎದೆಯ ಮೇಲಿನ ಭಾರಕ್ಕೆ ದನಿ ಸಣ್ಣಗಾಗಿ, ಮೂಗಿನಲ್ಲಿ ಬಂತು. "ಬರ್ರೀ..."

"ಸೋಗ ನೋಡು ಅಂವಂದು. ಹೋಗಿ ಬಾಯಿ ಮ್ಯಾಲ ಬಡೀಲೇನು?" ಇನ್ನೊಬ್ಬಳು.

"ಬ್ಯಾಡ. ಹ್ವಾದ್ರ ನಕ್ಕೋತ ಹೊರಗ ಬರ್ತಾನ. ಅದೇ ಬೇಕಾಗ್ಯಾದ ಭಾಡ್ಯಾಗ."

ಮನ್ಮಥಪ್ಪ ಆಚೆಯಿಂದ ತಗಡಿಗೆ ಅಂಗೈ ಅಪ್ಪಳಿಸಿದ. "ಸಾಕ್ ಮಾಡೋ ಮಿಸ್ತ್ರಿ! ಮನಷ್ಯಾ ಇದ್ದೀಯೋ ಏನೋ!" ಆಮೇಲೆ ಹೆಂಗಸರಿಗೆ, "ಸಂಜಿತನಾ ಕರೆಂಟ್ ಬರಂಗಿಲ್ಲ. ಡಬ್ಬಿ ಇಟ್ಟು ಹೋಗ್ರಿ."

ಸಂದಿಯಲ್ಲಿ ಕಾಲುಗಳು ಹಾದವು. ಹಿಟ್ಟು ಮೆತ್ತಿದ ಚಪ್ಪಲಿ. ಕಾಲುಂಗುರ. ಹಾದವು. ಹೋದವು. ಗಿರಣಿಯ ಬೀಗ ಬಿತ್ತು.

ಮಧ್ಯಾಹ್ನದ ಬಸ್ಸು ಬಂದ ಸದ್ದಾಯಿತು.

ಸ್ವಲ್ಪ ಹೊತ್ತಿಗೆ ಬರಿಗಾಲುಗಳು ಬಂದವು. ಒಡೆದ ಹಿಮ್ಮಡಿ. ಶಟರಿನ ಮುಂದೆಯೇ ನಿಂತವು. ಅವಳು. ಬಡಿತ ಕೇಳಿ ತಗಡನ್ನೇ ಹರಿಯಹೋದವಳು. ಅವನು ಇದ್ದಷ್ಟೂ ಬಲ ಹಾಕಿ ಬಡಿದ. ಟಕ್ ಟಕ್ ಟಕ್. ಮತ್ತೆ. ಮತ್ತೆ. ಗಾಯಕ್ಕೆ ಅರಿವೆ ಸುತ್ತಿದ ಕೈಯೊಂದು ಸಂದಿಯ ತನಕ ಇಳಿಯಿತು. ಶಟರಿನ ಅಂಚನ್ನು ಮುಟ್ಟಿತು. ಮುಟ್ಟಿ ಹಾಗೇ ಇತ್ತು.

ಕೈ ಹಿಂದಕ್ಕೆ ಹೋಯಿತು.

"ನನ್ನ ಕೂಸಿನ ಹೆಸರಿಲೆ ಎಷ್ಟ್ ನಗ್ತಿ, ನಗು ತಮ್ಮಾ," ಎಂದು ದನಿ ಕೇಳಿಸಿತು. ಏರಲಿಲ್ಲ, ಇಳಿಯಲಿಲ್ಲ.

ಕಾಲುಗಳು ತಿರುಗಿದವು. ಹೋದವು.

ಬೆಳಕಿನ ಪಟ್ಟಿ ಖಾಲಿಯಾಯಿತು. ಮೇಜಿನ ಮೇಲೆ, ಕರೆಂಟಿಲ್ಲದ ಸೆಟ್ಟು ಬೆಳಗುತ್ತಲೇ ಇತ್ತು. ಸ್ಕ್ರೂಡ್ರೈವರು ಕೈಯಿಂದ ಜಾರಿತು. ಆದರೆ ಬಡಿತ ನಿಲ್ಲಲಿಲ್ಲ. ಈಗ ಅದು ಅವನ ಪಕ್ಕದಿಂದ ಬರುತ್ತಿತ್ತು. ಅವನೊಟ್ಟಿಗೆ ಯಾರೋ ಕೆಳಗೆ ಬಿದ್ದಿದ್ದ ಹಾಗೆ, ತುಂಬ ಹೊತ್ತಿನಿಂದ ಬಡಿಯುತ್ತ ದಣಿದಿದ್ದ ಹಾಗೆ.

ಅವನ ನಾಲಿಗೆ ಮಣ್ಣಾಗಿತ್ತು.

"ನೀರು," ಅಂದ. "ಒಂದೀಟು ನೀರ ಕೊಡ್ರಿ."